ಇಂದಿನ ಧಮ್ಮ ಚಿಂತನೆ: ಸೂರ್ಯ ಮುಳುಗುವ ಜಾಗ



ಸೂರ್ಯ ದಿನವೂ ನೇರ ಪಶ್ಚಿಮದಲ್ಲಿ ಮುಳುಗುವುದಿಲ್ಲ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮವಾಗುವ ಹೊತ್ತಿಗೆ ಮಾತ್ರ ಹಾಗೆ. ಬೆಂಗಳೂರಿನಲ್ಲಿ ಜೂನ್ 21ರಂದು ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು, ಸಂಜೆ 6.48ರ ಸುಮಾರಿಗೆ ಮುಳುಗುತ್ತಾನೆ. ಡಿಸೆಂಬರ್ 21ರಂದು ಅಷ್ಟೇ ದಕ್ಷಿಣಕ್ಕೆ ಸರಿದು, 6 ಗಂಟೆಗೆ ಮೊದಲೇ ಮುಳುಗುತ್ತಾನೆ. ಕಾರಣ, ಭೂಮಿಯ ಅಕ್ಷ 23.5 ಡಿಗ್ರಿ ಓರೆಯಾಗಿದೆ. ಆ ಓರೆಯಲ್ಲೇ ಅದು ಸೂರ್ಯನನ್ನು ಸುತ್ತುತ್ತದೆ. ದಕ್ಷಿಣಾಯನ, ಉತ್ತರಾಯಣ ಎಂದರೆ ಇಷ್ಟೇ.

ಕಾರಣವಿಲ್ಲದೆ ಯಾವುದೂ ಆಗದು ಎಂಬುದೇ ಭಗವಾನ್ ಬುದ್ಧರು ತಿಳಿಸಿದ ಪ್ರತೀತ್ಯಸಮುತ್ಪಾದ. ಈ ಓರೆಯಲ್ಲಿ ಶುಭ ಎಲ್ಲಿದೆ, ಅಶುಭ ಎಲ್ಲಿದೆ?

ಆದರೂ ದೀಕ್ಷೆ ಪಡೆದ ನಮ್ಮ ಮನೆಗಳಲ್ಲೇ "ದಕ್ಷಿಣಾಯನ ಬಂತು, ಮನೆ ಒಕ್ಕಲು ಉತ್ತರಾಯಣಕ್ಕೇ ಇಟ್ಟುಕೊಳ್ಳೋಣ" ಎಂಬ ಮಾತು ಕೇಳುತ್ತಿರುತ್ತೇನೆ. ಕಟ್ಟಿ ಮುಗಿದ ಮನೆಗೆ ಬೀಗ; ಬ್ಯಾಂಕಿನ ಕಂತು, ಬಾಡಿಗೆ ಎರಡೂ ಹೆಗಲ ಮೇಲೆ. ಬೆವರಿನ ದುಡ್ಡು ಭಯಕ್ಕೆ ತೆರಿಗೆಯಾಗಿ ಹೋಗುತ್ತದೆ.

ನೆನಪಿಡೋಣ: ಬಾಬಾಸಾಹೇಬರು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಧಮ್ಮಕ್ಕೆ ಕಾಲಿಟ್ಟದ್ದು 1956ರ ಅಕ್ಟೋಬರ್ 14ರಂದು, ಅಂದರೆ ದಕ್ಷಿಣಾಯನದಲ್ಲೇ. ನಮ್ಮೆಲ್ಲರ ದೊಡ್ಡ ಗೃಹಪ್ರವೇಶ ಆದದ್ದೇ ಆಗ!

ಇಂದು ಸಂಜೆ ಮಕ್ಕಳನ್ನು ಮಾಳಿಗೆಗೆ ಕರೆದೊಯ್ದು ಸೂರ್ಯ ಮುಳುಗುವ ಜಾಗ ಗುರುತು ಮಾಡಿಸಿ. ತಿಂಗಳ ನಂತರ ಮತ್ತೆ ನೋಡಿಸಿ. ಪ್ರಶ್ನೆ ಅವರೇ ಕೇಳುತ್ತಾರೆ. ಉತ್ತರ ಪಂಚಾಂಗದಿಂದ ಕೊಡಬೇಡಿ.

ಜೈಭೀಮ್ 💙