ಅರಿವಿಲ್ಲದ ದಯೆ

ಅನ್ಯರ ನೋವನ್ನು ಕಂಡು ಮರುಗುವುದೇ ದಯೆ. ಆದರೆ ಮರುಗಿ ಮಾಡಿದ ಮಾತ್ರಕ್ಕೆ ಮಾಡಿದುದೆಲ್ಲವೂ ಹಿತವಾಗುವುದೇ? ಪೂರ್ವ ಆಫ್ರಿಕೆಯ ತಾಂಜಾನಿಯಾ ದೇಶದ ಒಂದು ಸಂಗತಿಯು ಈ ಪ್ರಶ್ನೆಯನ್ನು ಬಹು ಕಟುವಾಗಿ ಮುಂದಿಡುತ್ತದೆ.

ಗಸಗಸೆ ಗಿಡದ ಕಾಯಿಂದ ಒಸರುವ ಹಾಲೇ ಅಫೀಮು. ಅದರಿಂದ ತಯಾರಾಗುವ ಘೋರತರವಾದ ಅಮಲಿನ ಪುಡಿ ಹೆರಾಯಿನ್. ಅಫ್ಘಾನಿಸ್ತಾನದ ಈ ಸರಕು ಇರಾನ್, ಪಾಕಿಸ್ತಾನಗಳ ಕರಾವಳಿಯಿಂದ ಮರದ ಹಡಗುಗಳಲ್ಲಿ ಪೂರ್ವ ಆಫ್ರಿಕೆಗೆ ಬಂದು, ಅಲ್ಲಿಂದ ಯೂರೋಪಿನ ಕಡೆಗೆ ಸಾಗತೊಡಗಿತು. ಒಂದು ಪಾಲು ದಾರಿಯಲ್ಲಿಯೇ ಉಳಿಯಿತು. ಮೊದಲು ಜನರು ಅದರ ಹೊಗೆಯನ್ನು ಸೇದುತ್ತಿದ್ದರು. ನೀರಿನಲ್ಲಿ ಸುಲಭವಾಗಿ ಕರಗುವ ಬಿಳಿಯ ಪುಡಿ ಬಂದ ಮೇಲೆ ಸೂಜಿಯಿಂದ ಚುಚ್ಚಿಕೊಳ್ಳುವ ಚಟ ಹಬ್ಬಿತು.

ದಾರ್ ಎಸ್ ಸಲಾಮ್ ನಗರದ ಕೆಲವು ಬಡ ಸ್ತ್ರೀಯರಲ್ಲಿದ್ದ ಒಂದು ನಡತೆ 2005ರಲ್ಲಿ ಲೋಕಕ್ಕೆ ತಿಳಿದುಬಂದಿತು. ಪುಡಿ ಕೊಳ್ಳಲು ಕಾಸಿಲ್ಲದೆ ಗೆಳತಿಯೊಬ್ಬಳು ನಡುಕ, ಓಕರಿಕೆ, ಮೈನೋವುಗಳಿಂದ ನರಳುತ್ತಿದ್ದರೆ, ಆಗತಾನೆ ಚುಚ್ಚಿಕೊಂಡವಳು ತನ್ನ ರಕ್ತವನ್ನೇ ಸಿರಿಂಜಿಗೆ ಎಳೆದು ಅವಳಿಗೆ ಕೊಡುವಳು. ಆ ರಕ್ತದಲ್ಲಿ ಅಮಲಿನ ಅಂಶವಿದ್ದು ಯಾತನೆ ತಗ್ಗೀತೆಂಬುದು ನಂಬಿಕೆ. ವಸ್ತುತಃ ಅದರಲ್ಲಿ ಅಮಲು ಅತ್ಯಲ್ಪ, ಎಚ್.ಐ.ವಿ. ಮೊದಲಾದ ವಿಷಾಣುಗಳು ದಾಟಲು ಮಾತ್ರ ನೇರವಾದ ದಾರಿ.

ಇವಳನ್ನು ಪಾಪಿಯೆನ್ನಬಹುದೇ? ತನ್ನ ರಕ್ತವನ್ನೇ ಕೊಟ್ಟವಳಲ್ಲಿ ದಯೆಯಿಲ್ಲವೆನ್ನಲಾಗದು, ಇಲ್ಲದುದು ಅರಿವು. ಆದರೆ ಅರಿವುಳ್ಳವರ ನಡೆಯಾದರೂ ಎಂಥದು? ವ್ಯಸನಿಯನ್ನು ಮನೆಯಿಂದ ಹೊರದೂಡಿ, ಸೆರೆಗೆ ನೂಕಿ, ಅಲ್ಲಿಗೆ ಕರ್ತವ್ಯ ಮುಗಿಯಿತೆಂದು ಬಗೆಯುವುದು ಲೋಕರೂಢಿ. ಅರಿವಿಲ್ಲದ ದಯೆ ವಿಷವನ್ನು ಹಂಚಿದರೆ, ದಯೆಯಿಲ್ಲದ ಅರಿವು ಆ ಹಂಚಿಕೆಯನ್ನು ನೋಡುತ್ತ ದೂರ ನಿಲ್ಲುತ್ತದೆ. ಇವೆರಡರಲ್ಲಿ ಹೆಚ್ಚು ದೋಷವುಳ್ಳುದು ಯಾವುದೆಂಬುದನ್ನು ವಿಚಾರವಂತರು ತಮ್ಮೊಳಗೇ ಕೇಳಿಕೊಳ್ಳಬೇಕು.

2011ರಲ್ಲಿ ಅದೇ ನಗರದ ಮುಹಿಂಬಿಲಿ ರಾಷ್ಟ್ರೀಯ ಆಸ್ಪತ್ರೆಯಲ್ಲಿ ಇವೆರಡೂ ಕೂಡಿದುವು. ಅಲ್ಲಿ ವ್ಯಸನಿಗಳಿಗೆ ಮೆಥಡೋನ್ ಎಂಬ ಔಷಧವನ್ನು ಕೊಡುವ ಏರ್ಪಾಡಾಯಿತು. ದಿನವೂ ಬಂದು, ಆಸ್ಪತ್ರೆಯವರ ಕಣ್ಣೆದುರಿಗೆ, ಗೊತ್ತಾದ ಅಳತೆಯಲ್ಲಿ ಅದನ್ನು ಕುಡಿಯಬೇಕಾಗಿತ್ತು. ಸೂಜಿಯ ಹಂಗಿಲ್ಲ. ಇದೂ ಅಫೀಮಿನ ಗುಣವುಳ್ಳುದೇ. ಒಂದು ಅಮಲನ್ನು ಬಿಡಿಸಿ ಇನ್ನೊಂದನ್ನು ಹಿಡಿಸಿದಂತಾಗಲಿಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಅಳತೆಯರಿತು ಕೊಟ್ಟುದು ಯಾತನೆಯನ್ನು ತಗ್ಗಿಸುತ್ತದೆ. ಯಾತನೆ ತಗ್ಗಿದವನು ಮುಂದಿನ ಪುಡಿಗಾಗಿ ಅಲೆಯದೆ ದುಡಿಮೆಗೂ ಮನೆಮಂದಿಗೂ ಮರಳಬಲ್ಲನು. ಫಲವನ್ನು ನೋಡಿ ಬೆಲೆಕಟ್ಟಬೇಕಲ್ಲದೆ ಹೆಸರನ್ನು ಕೇಳಿ ಅಲ್ಲ.

ವ್ಯಸನಿಯುಳ್ಳ ಮನೆ ಯಾವ ದೇಶದಲ್ಲಿದ್ದರೂ ಅದರ ಸಂಕಟ ಒಂದೇ. ಆತನ ಕೈಗೆ ಮರುಗಿ ಹಣವಿತ್ತರೆ ಕೇಡು, ಮುನಿದು ಬಾಗಿಲಿಕ್ಕಿದರೂ ಕೇಡು. ಆತನ ಕೈಹಿಡಿದು ಚಿಕಿತ್ಸೆಯ ಬಾಗಿಲವರೆಗೆ ಜೊತೆಗೆ ನಡೆಯುವುದೇ ಅರಿತವರ ದಯೆ.