ಕಾಲಡಿಯ ಅಮಾನತ್ತು

ಬಸ್ ನಿಲ್ದಾಣದಲ್ಲಿ ನಿಮ್ಮ ಕಣ್ಣು ಬಸ್ಸಿನ ಫಲಕದ ಮೇಲಿರುತ್ತದೆ. ಕಾಲಡಿಯಲ್ಲಿರುವ ಮ್ಯಾನ್‌ಹೋಲ್ ಮುಚ್ಚಳವನ್ನು ನೀವು ನೋಡುವುದಿಲ್ಲ. ಅದು ನಮ್ಮ ಭಾರವನ್ನು ತಾಳುತ್ತದೆಂಬ ನಂಬಿಕೆಯಿಂದಲೇ ಎಲ್ಲರೂ ನಡೆಯುತ್ತಾರೆ. ಈ ನಂಬಿಕೆ ಯಾರ ಕೈಯಲ್ಲಿರುವ ಅಮಾನತ್ತು? ಅದು ಮುರಿದರೆ ಹೊಣೆ ಯಾರದು?

ತಾಳುವ ಭಾರಕ್ಕನುಸಾರವಾಗಿ ಭಾರತೀಯ ಮಾನಕವು ಈ ಮುಚ್ಚಳಗಳನ್ನು 2.5, 10, 20 ಮತ್ತು 35 ಟನ್ನುಗಳ ನಾಲ್ಕು ದರ್ಜೆಗಳಾಗಿ ವಿಂಗಡಿಸಿದೆ. ಮೊದಲನೆಯದು ಜನರು ನಡೆದಾಡುವ ಸ್ಥಳಕ್ಕೆ. ಕೊನೆಯ ಎರಡು ಭಾರೀ ವಾಹನಗಳು ಓಡಾಡುವ ಸ್ಥಳಕ್ಕೆ. ತುಂಬಿದ ಬಸ್ಸಿನ ಹಿಂದಿನ ಅಚ್ಚೊಂದರ ಮೇಲೆಯೇ ಸುಮಾರು 10 ಟನ್ ಭಾರ ಬೀಳಬಹುದು. ಕಾಲುದಾರಿಯ ಮುಚ್ಚಳವನ್ನು ತಂದು ಬಸ್ಸಿನ ದಾರಿಗೆ ಹಾಕಿದರೆ, ಹೂತ ಮೇಲೆ ದಾರಿಹೋಕನಿಗೆ ವ್ಯತ್ಯಾಸ ತಿಳಿಯದು. ತಕ್ಕಡಿಯಲ್ಲಿ ಮಾಡುವ ಮೋಸಕ್ಕೂ ಇದಕ್ಕೂ ಏನು ಅಂತರ?

ಮುಚ್ಚಳ ಗಟ್ಟಿಯಾಗಿದ್ದರಷ್ಟೇ ಸಾಲದು. ಅದು ಕೂರುವ ಚೌಕಟ್ಟು ಸಮವಾಗಿರದಿದ್ದರೆ ಚಕ್ರ ಹಾಯ್ದಾಗಲೆಲ್ಲ ಮುಚ್ಚಳ ಕುಲುಕುತ್ತದೆ. ಆ ಪೆಟ್ಟಿಗೆ ಕೆಳಗಿನ ಗಾರೆ ಪುಡಿಯಾಗುತ್ತದೆ. ಗಾರೆ ಗಟ್ಟಿಯಾಗುವ ಮೊದಲೇ ಬಸ್ಸು ಬಿಟ್ಟರೂ ಹಾಗೆಯೇ. ಮತ್ತೆ ಡಾಂಬರು ಹಾಕುವಾಗ ಮುಚ್ಚಳವನ್ನು ಎತ್ತರಿಸದಿದ್ದರೆ ಅದೇ ಒಂದು ಗುಂಡಿಯಾಗುತ್ತದೆ. ಸಾಮಾನ್ಯ ಎರಕದ ಕಬ್ಬಿಣ ಪೆಟ್ಟಿಗೆ ಸೀಳುತ್ತದೆ. ಡಕ್ಟೈಲ್ ಕಬ್ಬಿಣ ಅಷ್ಟು ಬೇಗ ಒಡೆಯದು. ಗುಜರಿಗಾಗಿ ಕದಿಯುವವರಿರುವಲ್ಲಿ ಉಕ್ಕಿನ ನಾರು ಬೆರೆಸಿದ ಕಾಂಕ್ರೀಟ್ ಲೇಸು. ದುಂಡನೆಯ ಮುಚ್ಚಳ ತನ್ನದೇ ಬಾಯಿಯೊಳಗೆ ಬೀಳದು. ಮೇಲ್ಮೈ ಒರಟಾಗಿದ್ದರೆ ಮಳೆಯಲ್ಲಿ ಕಾಲು ಜಾರದು. ಎತ್ತುವ ತೂತು ಕಿರಿದಾಗಿದ್ದರೆ ಅಂಧರ ಕೋಲು ಸಿಲುಕದು.

2017ರ ಆಗಸ್ಟ್ 29ರಂದು ಮುಂಬೈ ಮಳೆಯಲ್ಲಿ ಮುಳುಗಿತ್ತು. ಕಾರು ಬಿಟ್ಟು ಮನೆಯತ್ತ ನಡೆದು ಹೊರಟ ಹೆಸರಾಂತ ವೈದ್ಯರೊಬ್ಬರು ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ನಿಂತ ನೀರು ಇಳಿದುಹೋಗಲೆಂದು ಅದರ ಮುಚ್ಚಳ ತೆಗೆಯಲಾಗಿತ್ತು. ಉದ್ದೇಶ ಕೆಟ್ಟದ್ದೇನಲ್ಲ. ಆದರೆ ನಿಯ್ಯತ್ ಒಳ್ಳೆಯದಾದ ಮಾತ್ರಕ್ಕೆ ಹೊಣೆ ತೀರುವುದೇ?

ನಮ್ಮ ಕರ್ಮಶಾಸ್ತ್ರಜ್ಞರು ಶತಮಾನಗಳ ಹಿಂದೆಯೇ ಇಂತಹದೇ ಪ್ರಶ್ನೆಯನ್ನು ಚರ್ಚಿಸಿದ್ದಾರೆ. ಸಾರ್ವಜನಿಕ ದಾರಿಯಲ್ಲಿ ಅನುಮತಿಯಿಲ್ಲದೆ ಬಾವಿ ತೋಡಿದವನು, ಅದರಲ್ಲಿ ಯಾರಾದರೂ ಬಿದ್ದು ಸತ್ತರೆ ಪರಿಹಾರಕ್ಕೆ ಬಾಧ್ಯನು. ಅವನು ಯಾರನ್ನೂ ತಳ್ಳಲಿಲ್ಲ, ಕೊಲ್ಲುವ ಉದ್ದೇಶವೂ ಅವನಿಗಿರಲಿಲ್ಲ. ಆದರೂ ದಾರಿಯು ಎಲ್ಲರ ಹಕ್ಕು. ಆ ಹಕ್ಕಿಗೆ ಅವನು ಹಾನಿ ಮಾಡಿದ್ದಾನೆ.

‘ಎರಕ ಹೊಯ್ದವರು, ಕೂರಿಸಿದವರು, ಸಹಿ ಹಾಕಿದವರು, ತೆರೆದವರು, ಇಷ್ಟು ಜನರಲ್ಲಿ ಯಾರನ್ನು ಕೇಳುವುದು?’ ಎಂದು ನೀವು ಕೇಳಬಹುದು. ಹಂಚಿದರೆ ಆಸ್ತಿ ಕಡಿಮೆಯಾಗುತ್ತದೆ, ಹೊಣೆ ಕಡಿಮೆಯಾಗುವುದಿಲ್ಲ. ಪ್ರತಿಯೊಬ್ಬನೂ ತನ್ನ ಪಾಲಿನ ಕೆಲಸಕ್ಕೆ ಪೂರ್ತಿಯಾಗಿ ಉತ್ತರಿಸಬೇಕು. ಮನುಷ್ಯನು ಮರೆಯುತ್ತಾನೆಂಬುದನ್ನು ಮುಂದಾಗಿ ಎಣಿಸುವುದೂ ಆ ಕೆಲಸದ ಭಾಗವೇ. ಆ ದುರಂತದ ನಂತರ ಮುಂಬೈ ಪಾಲಿಕೆಯು ಅನೇಕ ಮ್ಯಾನ್‌ಹೋಲ್‌ಗಳ ಮುಚ್ಚಳದ ಕೆಳಗೆ ಕಬ್ಬಿಣದ ಜಾಲರಿ ಅಳವಡಿಸಿತು. ಮುಚ್ಚಳ ತೆರೆದಿದ್ದರೂ ಜಾಲರಿ ಜೀವವನ್ನು ತಡೆದು ನಿಲ್ಲಿಸುತ್ತದೆ.

ಇನ್ನು ನಮ್ಮ ಪಾಲು. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕಲ್ಲು ಮುಳ್ಳುಗಳ ಮಾತೇ ಹೀಗಿರುವಾಗ, ಬಾಯಿ ತೆರೆದ ಗುಂಡಿಯನ್ನು ಕಂಡೂ ದಾಟಿ ಹೋಗುವುದು ವಿಶ್ವಾಸಿಗೆ ಒಪ್ಪುವುದೇ? ಮುಚ್ಚಳ ಕುಲುಕುತ್ತಿದ್ದರೆ ನಿಲ್ದಾಣದ ಅಧಿಕಾರಿಗೆ ತಿಳಿಸಿರಿ. ತೆರೆದಿದ್ದರೆ, ಸಂಬಂಧಪಟ್ಟವರು ಬರುವವರೆಗೆ ಅಲ್ಲೇ ನಿಂತು ಜನರನ್ನು ಎಚ್ಚರಿಸಿರಿ. ನಿಮಗೆ ಒಂದು ಬಸ್ಸು ತಪ್ಪಬಹುದು. ಇನ್ನೊಂದು ಬಂದೇ ಬರುತ್ತದೆ.