ಐದು ವಾಟಿನ ಕರೆ, ಐದನೆಯ ಕಾರಣ

ಹವ್ಯಾಸಿ ರೇಡಿಯೊದಲ್ಲಿ 5 ವಾಟ್ ಅಥವಾ ಅದಕ್ಕೂ ಕಡಿಮೆ ಶಕ್ತಿಯ ಪ್ರಸಾರಕ್ಕೆ ಕ್ಯೂಆರ್‌ಪಿ ಎನ್ನುತ್ತಾರೆ. ಧ್ವನಿಗಾದರೆ 10 ವಾಟ್‌ವರೆಗೂ ಸಲ್ಲುತ್ತದೆ. ದೇವರ ಕೋಣೆಯ ಪುಟ್ಟ ಬಲ್ಬಿನಷ್ಟು ಶಕ್ತಿಯಲ್ಲಿ ಸಾವಿರಾರು ಕಿಲೋಮೀಟರ್ ಆಚೆಯ ಹ್ಯಾಮ್ (ಹವ್ಯಾಸಿ ಪ್ರಸಾರಕ) ಒಬ್ಬರು ಸಿಕ್ಕಿದಾಗ ಹಳೆಯ ಪ್ರಶ್ನೆಯೊಂದು ಏಳುತ್ತದೆ: ಕೆಲಸ ಆದದ್ದು ಯಾರಿಂದ?

ಕರ್ಮ ಕೈಗೂಡಲು ಭಗವದ್ಗೀತೆಯ 18ನೇ ಅಧ್ಯಾಯ ಐದು ಕಾರಣ ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ (ಸಾಧನ), ಚೇಷ್ಟೆ (ಯತ್ನ), ದೈವ. ತುಳುನಾಡಿನಲ್ಲಿ ದೈವವೆಂದರೆ ನೇಮ ಪಡೆಯುವ ಜುಮಾದಿ, ಪಂಜುರ್ಲಿ. ಗೀತೆಯ ದೈವ ಬೇರೆ, ಮನುಷ್ಯಯತ್ನಕ್ಕೆ ಎಟುಕದ ಪಾಲು.

ಅಧಿಷ್ಠಾನಕ್ಕೆ ದೇಹವೆಂಬ ಅರ್ಥವೇ ರೂಢಿ. ರೇಡಿಯೊಗೆ ನೆಲೆ ಎಂಬ ಅರ್ಥ ಹೊಂದುತ್ತದೆ. ಉಡುಪಿ ಜಿಲ್ಲೆಯ ಹೆಜಮಾಡಿ ಕೋಡಿಯಲ್ಲಿ ಒಂದು ಬದಿ ಶಾಂಭವಿ ನದಿ, ಇನ್ನೊಂದು ಬದಿ ಅರಬ್ಬಿ ಸಮುದ್ರ, ನಡುವೆ ಮರಳಿನ ಪಟ್ಟಿ. ಉಪ್ಪುನೀರು ಒಣನೆಲಕ್ಕಿಂತ ಸಾವಿರಾರು ಪಾಲು ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ನೀರಿನಂಚಿನಲ್ಲಿ ಗಾಳದ ಕೋಲಿಗೆ ಐದು ಮೀಟರ್ ತಂತಿ ನೆಟ್ಟಗೆ ಕಟ್ಟಿ, ಬುಡದಲ್ಲಿ ಒಂದೆರಡು ತಂತಿ ಹಾಸಿದರೆ, 14 ಮೆಗಾಹರ್ಟ್ಸ್‌ನ ಅಲೆಗಳು ದಿಗಂತವನ್ನು ಸವರಿಕೊಂಡು ಪಡುವಣಕ್ಕೆ ಹೊರಡುತ್ತವೆ. ದೂರ ಮುಟ್ಟುವುದು ಅಂಥವೇ.

ಕರಣದಲ್ಲಿ ಆಗುವ ನಷ್ಟ ಅಂದುಕೊಂಡಷ್ಟಿಲ್ಲ. 100 ವಾಟ್‌ನಿಂದ 5ಕ್ಕೆ ಇಳಿದರೆ 13 ಡೆಸಿಬೆಲ್ ಕಡಿಮೆ. ಕೇಳುವವರ ಮೀಟರಿನಲ್ಲಿ ಮುಳ್ಳು ಎರಡು ಮನೆಗಿಂತ ತುಸು ಹೆಚ್ಚು ಇಳಿಯುತ್ತದೆ, ಅಷ್ಟೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ವಿನ್ಯಾಸ ಮಾಡಿದ ಬಿಟೆಕ್ಸ್ ಯಂತ್ರ ಸಂತೆಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಈ ಶಕ್ತಿಯನ್ನು ಕೊಟ್ಟಿತು.

ಚೇಷ್ಟೆಯ ದೊಡ್ಡ ಪಾಲು ಕಿವಿಗೊಡುವುದು. ತಾನೇ ಕರೆಯುತ್ತ ಕೂರುವುದಕ್ಕಿಂತ ಸ್ಪಷ್ಟವಾಗಿ ಕೇಳುವ ನಿಲ್ದಾಣಕ್ಕೆ ಉತ್ತರಿಸುವುದು ಲೇಸು. ಹಲವು ಸಲ ಮೌನವೇ ಉತ್ತರ. ಕೆಲವೊಮ್ಮೆ ಆಚೆಯಿಂದ 'ಡಿ-ಡಿ-ಡಾ-ಡಾ-ಡಿ-ಡಿ' ಬರುತ್ತದೆ, ಮೋರ್ಸಿನ ಪ್ರಶ್ನಾರ್ಥಕ ಚಿಹ್ನೆ. ಯಾರೋ ಕರೆದದ್ದು ಕೇಳಿದೆ, ಯಾರೆಂದು ತಿಳಿದಿಲ್ಲ. ಆಗ ಹೆಸರಿನ ಸಂಕೇತವನ್ನು ನಿಧಾನವಾಗಿ ಮತ್ತೆ ಒತ್ತಬೇಕು. ಮೊದಲು ಎರಡಕ್ಷರ ಹಿಂದಿರುಗುತ್ತವೆ, ಆಮೇಲೆ ನಾಲ್ಕು, ಕೊನೆಗೆ ಪೂರ್ತಿ. ಕಾಣದ ಆ ಮನುಷ್ಯನ ತಾಳ್ಮೆಯಿಲ್ಲದೆ ಇದು ಆಗುವಂಥದ್ದಲ್ಲ. ಐದರ ಪಟ್ಟಿ ಅದಕ್ಕೆ ಬೇರೆ ಹೆಸರಿಟ್ಟಿಲ್ಲ.

ದೈವದ ಪಾಲು ಆಕಾಶದ್ದು. ಅಲೆಗಳನ್ನು ನೆಲಕ್ಕೆ ಬಾಗಿಸುವ ಅಯಾನುಗೋಳ ಸೂರ್ಯನ ಸುಮಾರು 11 ವರ್ಷಗಳ ಚಕ್ರಕ್ಕೆ ತಕ್ಕಂತೆ ಏರಿಳಿಯುತ್ತದೆ. ಸೂರ್ಯನಲ್ಲಿ ದೊಡ್ಡ ಸ್ಫೋಟವಾದರೆ ಹಗಲಿನ ಬ್ಯಾಂಡ್ ನಿಮಿಷಗಳಲ್ಲಿ ಮುಚ್ಚಿಹೋಗುತ್ತದೆ. ಆಗ 100 ವಾಟ್ ಕೂಡ ಸೋಲುತ್ತದೆ.

ಹೆಜಮಾಡಿಯಿಂದ ಉತ್ತರಕ್ಕೆ, ಅದೇ ಜಿಲ್ಲೆಯ ಪಾಜಕದಲ್ಲಿ 13ನೇ ಶತಮಾನದಲ್ಲಿ ಹುಟ್ಟಿದ ಮಧ್ವಾಚಾರ್ಯರು ಜೀವಾತ್ಮನ ಕರ್ತೃತ್ವ ಸತ್ಯ, ಆದರೆ ಪರಾಧೀನ ಎಂದರು. ಕಡಿಮೆ ಶಕ್ತಿಯ ಪ್ರಸಾರಕ್ಕೆ ಈ ನಿಲುವು ಬಹಳ ಹತ್ತಿರ. ಕೀಲಿ ಒತ್ತದಿದ್ದರೆ ಏನೂ ಹೊರಡದು. ಒತ್ತಿದವನ ಹಕ್ಕಿನಿಂದ ಉತ್ತರ ಬಾರದು. ಅದೇ ತಂತಿ, ಅದೇ ಬ್ಯಾಟರಿ, ಅದೇ ಹೊತ್ತು ಇದ್ದರೂ ನಿನ್ನೆ ಕೇಳಿದ ಊರು ಇಂದು ಕೇಳದಿರಬಹುದು. ಶ್ರದ್ಧೆಯುಳ್ಳ ಹ್ಯಾಮ್‌ಗಳು ಲಾಗ್ ಪುಸ್ತಕದಲ್ಲಿ ಉತ್ತರವಿಲ್ಲದ ಕರೆಗಳನ್ನೂ ಸಮಯ ಹಾಕಿ ಬರೆದಿಡುತ್ತಾರೆ.